ಕಾರ್ಬ್ ಎಷ್ಟು? ಪ್ಯಾಕೆಟ್ ಮೇಲೆ ಬರೀರಿ!

1/10

ಒಂದು ಸಣ್ಣ ಕೆಲಸ ಮಾಡ್ರಿ. ಮನೆಯಲ್ಲಿರೋ ಯಾವುದಾದ್ರೂ ಬಿಸ್ಕಿಟ್ ಪುಡಾ ತಿರುವಿ ನೋಡ್ರಿ. ಹಿಂದೆ ಒಂದು ಪುಟ್ಟ ಕೋಷ್ಟಕ ಇರುತ್ತೆ. ನೂರು ಗ್ರಾಮಿಗೆ ಎಷ್ಟು ಕ್ಯಾಲೊರಿ, ಎಷ್ಟು ಪ್ರೊಟೀನ್, ಎಷ್ಟು ಕಾರ್ಬೊಹೈಡ್ರೇಟ್, ಅದರಲ್ಲಿ ಸಕ್ಕರೆ ಎಷ್ಟು, ಎಲ್ಲಾ ಬರೆದಿರ್ತಾರೆ. ಹತ್ತು ರೂಪಾಯಿ ಪುಡಾ ಅದು.

ಈಗ ಬೆಕ್ಕಿನ ಆಹಾರದ ಪ್ಯಾಕೆಟ್ ತಿರುವ್ರಿ. ನಾಲ್ಕುನೂರೋ ಐದುನೂರೋ ಕೊಟ್ಟು ತಂದಿದ್ದು. ಮುಂದೆ ಕಣ್ಣು ಹೊಳೆಯೋ ಬೆಕ್ಕಿನ ಫೋಟೋ, ನೀರಿಂದ ಹಾರೋ ಮೀನು. ಹಿಂದೆ ಸಾಮಾನ್ಯವಾಗಿ ನಾಲ್ಕೇ ಸಾಲು: ಕ್ರೂಡ್ ಪ್ರೊಟೀನ್ ಕನಿಷ್ಠ ಇಷ್ಟು, ಕ್ರೂಡ್ ಫ್ಯಾಟ್ ಕನಿಷ್ಠ ಇಷ್ಟು, ಕ್ರೂಡ್ ಫೈಬರ್ ಗರಿಷ್ಠ ಇಷ್ಟು, ಮಾಯಿಶ್ಚರ್ ಗರಿಷ್ಠ ಇಷ್ಟು. ಮುಗೀತು. ಕಾರ್ಬೊಹೈಡ್ರೇಟ್ ಅನ್ನೋ ಸಾಲೇ ಇಲ್ಲ.

ದಾಂಡೇಲಿ ಅಂಗಡಿಗಳಲ್ಲಿ ನನ್ನ ಕೈಗೆ ಸಿಕ್ಕ ಪ್ಯಾಕೆಟ್ ಅಷ್ಟನ್ನೂ ತಿರುವಿ ನೋಡಿದೆ. ಹಳಿಯಾಳದಲ್ಲಿರೋ ಗೆಳತಿ ಅಲ್ಲಿನವುಗಳ ಫೋಟೋ ಕಳಿಸಿದಳು, ಮುಂಡಗೋಡದಿಂದ ಬರೋ ಕ್ಲಾಸ್‌ಮೇಟ್ ಅಲ್ಲಿನದು ತಂದ. ಒಂದರಲ್ಲೂ ಆ ಸಾಲು ಇರಲಿಲ್ಲ.

"ಬೆಕ್ಕಿನ ಪ್ಯಾಕೆಟ್ ಬಗ್ಗೆ ಹತ್ತು ಪೋಸ್ಟಾ?" ಅಂತ ನಗೋರು ನಗ್ರಿ. ಆದ್ರೆ ಓದಿ ನಗ್ರಿ. ನನ್ನ ವಾದ ಒಂದೇ: ಬೆಕ್ಕಿನ ಆಹಾರ ಮಾರೋರು ಕಾರ್ಬ್ ಅಂಕಿಯನ್ನು ಪ್ಯಾಕೆಟ್ ಮೇಲೆ ಅಚ್ಚು ಹಾಕಲೇಬೇಕು. ಶುಗರ್ ಇರೋ ಬೆಕ್ಕನ್ನು ಸಾಕೋರಿಗೆ ಆ ಪ್ಯಾಕೆಟ್ ಮೇಲೆ ಬೇಕಾದ ಮೊದಲ ಅಂಕಿ ಅದು. ಅದೇ ಇಲ್ಲ ಅಂದ್ರೆ ಉಳಿದ ಚಿತ್ರ, ಬಣ್ಣ, ಘೋಷಣೆ ಎಲ್ಲಾ ಯಾರಿಗೆ?

ಅವರು ಬರೆಯೋ ತನಕ ನಾವೇ ಲೆಕ್ಕ ಹಾಕೋಣ. ಬಿಕಾಂ ಓದ್ತಿರೋರಿಗೆ ಇದು ಐದು ನಿಮಿಷದ ಕೆಲಸ. ಹೇಗೆ ಅಂತ ಮುಂದೆ ಹೇಳ್ತೀನಿ. ಸೇವ್ ಮಾಡ್ಕೊಳ್ರಿ.

2/10

"ಏನಲೇ, ಬೆಕ್ಕಿಗೂ ಶುಗರ್ರಾ?"

ಕ್ಲಾಸಲ್ಲಿ ನಾನು ಇದನ್ನ ಹೇಳಿದಾಗ ಬಂದ ಮೊದಲ ಪ್ರಶ್ನೆ ಇದೇ. ಹೌದು, ಬೆಕ್ಕಿಗೂ ಶುಗರ್ ಬರುತ್ತೆ. ಮನುಷ್ಯರಲ್ಲಿ ಟೈಪ್ 2 ಅಂತಾರಲ್ಲ, ಬೆಕ್ಕಿನಲ್ಲಿ ಕಾಣಿಸೋದು ಹೆಚ್ಚಾಗಿ ಅದನ್ನೇ ಹೋಲುವ ಕಾಯಿಲೆ. ದಪ್ಪಗಾದ ಬೆಕ್ಕು, ವಯಸ್ಸಾದ ಬೆಕ್ಕು, ಆಪರೇಷನ್ ಮಾಡಿಸಿದ ಗಂಡು ಬೆಕ್ಕು, ಮನೆಯೊಳಗೇ ಬಿದ್ದಿರೋ ಬೆಕ್ಕು, ಇವುಗಳಿಗೆ ಅಪಾಯ ಹೆಚ್ಚು. ಕೆಲವು ಸಲ ಸ್ಟೀರಾಯ್ಡ್ ಔಷಧಿಯಿಂದಲೂ ಬರುತ್ತೆ.

ಗುರುತು ಹೇಗೆ? ನೀರು ಹೆಚ್ಚು ಕುಡಿಯುತ್ತೆ, ಉಚ್ಚೆ ಹೆಚ್ಚು ಹೋಗುತ್ತೆ, ಚೆನ್ನಾಗಿ ತಿಂದರೂ ಇಳೀತಾ ಹೋಗುತ್ತೆ. ಕೆಲವು ಬೆಕ್ಕು ಹಿಂಗಾಲನ್ನು ಹಿಮ್ಮಡಿ ತನಕ ನೆಲಕ್ಕೆ ಊರಿ ನಡೆಯೋಕೆ ಶುರು ಮಾಡುತ್ತೆ. ನಮ್ಮನೆ ಗುಂಡ್ಯಾ ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತಿದ್ದನ್ನ ಮೊದಲು ಕಂಡಿದ್ದು ಅಜ್ಜಿ. "ಇದಕ್ಕ ಸಕ್ಕರಿ ಕಾಯಿಲೆ ಐತಿ ನೋಡ" ಅಂದ್ರು. ಅಜ್ಜಿಗೂ ಶುಗರ್ ಇದೆ, ಅವರಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು! ಧಾರವಾಡಕ್ಕೆ ಒಯ್ದು ರಕ್ತ, ಉಚ್ಚೆ ಎರಡೂ ಪರೀಕ್ಷೆ ಮಾಡಿಸಿದಾಗ ಅಜ್ಜಿ ಮಾತೇ ನಿಜ ಆಯ್ತು.

ಚಿಕಿತ್ಸೆ ಎರಡು ಕಾಲಿನ ಮೇಲೆ ನಿಂತಿದೆ. ಒಂದು ಇನ್ಸುಲಿನ್, ಇನ್ನೊಂದು ಕಾರ್ಬ್ ಕಡಿಮೆ ಇರೋ ಊಟ. ಎರಡೂ ಸರಿಯಾಗಿ ಬೇಗ ಶುರುವಾದ್ರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡ ಅನ್ನೋ ಹಂತ ಬರುತ್ತೆ. ಎಲ್ಲಾ ಬೆಕ್ಕಿಗೂ ಅಲ್ಲ, ಆದ್ರೆ ಆ ಬಾಗಿಲು ಇದೆ. ದಿನಕ್ಕೆರಡು ಸೂಜಿ ತಪ್ಪೋ ಸಾಧ್ಯತೆ ಅದು.

ಡಾಕ್ಟರು ಹೇಳಿದ್ದು ಒಂದೇ ಸಾಲು: "ಕಾರ್ಬ್ ಕಡಿಮೆ ಇರೋದು ನೋಡಿ ಹಾಕ್ರಿ." ನೋಡೋಣ ಅಂದ್ರೆ ಎಲ್ಲಿ ನೋಡೋದು? ಪ್ಯಾಕೆಟ್ ಮೇಲೆ ಆ ಸಾಲೇ ಇಲ್ಲವಲ್ಲ!

3/10

ಮೊದಲು ಇದು ತಿಳೀರಿ: ಬೆಕ್ಕು ನಮ್ಮ ಹಾಗೆ ಅಲ್ಲ, ನಾಯಿ ಹಾಗೂ ಅಲ್ಲ.

ಬೆಕ್ಕು ಮಾಂಸ ತಿಂದೇ ಬದುಕೋ ಪ್ರಾಣಿ. ಬೇಟೆಯಾಡಿ ಬದುಕೋ ಬೆಕ್ಕುಗಳ ಊಟ ಲೆಕ್ಕ ಹಾಕಿದ ವಿಜ್ಞಾನಿಗಳಿಗೆ ಸಿಕ್ಕ ಉತ್ತರ: ಒಟ್ಟು ಶಕ್ತಿಯಲ್ಲಿ ಕಾರ್ಬ್‌ನ ಪಾಲು ನೂರಕ್ಕೆ ಸುಮಾರು 2. ಉಳಿದದ್ದೆಲ್ಲ ಪ್ರೊಟೀನ್ ಮತ್ತು ಕೊಬ್ಬು. ಇಲಿ, ಹಲ್ಲಿ, ಹಕ್ಕಿಯಲ್ಲಿ ಅನ್ನ-ರೊಟ್ಟಿ ಎಲ್ಲಿಂದ ಬರಬೇಕು?

ಊಟದಿಂದ ಒಮ್ಮೆಲೇ ಬರೋ ಗ್ಲೂಕೋಸನ್ನು ಹಿಡಿಯೋಕೆ ನಮ್ಮ ಯಕೃತ್ತಿನಲ್ಲಿ ಗ್ಲೂಕೋಕೈನೇಸ್ ಅನ್ನೋ ಕಿಣ್ವ ಕೆಲಸ ಮಾಡುತ್ತೆ. ಬೆಕ್ಕಿನ ಯಕೃತ್ತಿನಲ್ಲಿ ಅದರ ಕೆಲಸ ತೀರಾ ಕಡಿಮೆ. ಇನ್ನೂ ಮಜಾ ಅಂದ್ರೆ, ಬೆಕ್ಕಿಗೆ ಸಿಹಿ ರುಚಿ ಗೊತ್ತೇ ಆಗಲ್ಲ. ಸಿಹಿ ಗುರುತಿಸೋ ಜೀನ್ ಅದರಲ್ಲಿ ಕೆಟ್ಟು ಕೂತಿದೆ ಅಂತ 2005ರಲ್ಲಿ ಪತ್ತೆ ಆಯ್ತು.

ಹಾಗಾದ್ರೆ ಒಣ ಆಹಾರದಲ್ಲಿ, ಆ ಕುರುಕುಲು ಕಾಳಿನಲ್ಲಿ, ಗೋವಿನಜೋಳ, ಅಕ್ಕಿ, ಗೋಧಿ ಯಾಕೆ? ಆ ಕಾಳು ತಯಾರಾಗೋದು ಎಕ್ಸ್‌ಟ್ರೂಡರ್ ಯಂತ್ರದಲ್ಲಿ. ಹಿಟ್ಟು ಒತ್ತಡದಲ್ಲಿ ಬೆಂದು, ಅಚ್ಚಿನಿಂದ ಹೊರಬಂದು ಉಬ್ಬಬೇಕು, ಒಣಗಿದ ಮೇಲೆ ಪುಡಿಯಾಗಬಾರದು. ಅದಕ್ಕೆ ಪಿಷ್ಟ ಬೇಕು. ಜೊತೆಗೆ ಮಾಂಸದ ಮುಂದೆ ಧಾನ್ಯ ಅಗ್ಗ. ಹಳಿಯಾಳ, ಮುಂಡಗೋಡ ಕಡೆ ಗೋವಿನಜೋಳ ಬೆಳೆಯೋ ಮನೆಯವರಿಗೆ ಎಪಿಎಂಸಿ ರೇಟು ಗೊತ್ತು, ಮಟನ್ ಅಂಗಡಿ ರೇಟೂ ಗೊತ್ತು. ಹೋಲಿಸಿ ನೋಡ್ರಿ.

ನ್ಯಾಯವಾಗಿ ಹೇಳ್ಬೇಕು ಅಂದ್ರೆ, ಬೇಯಿಸಿದ ಪಿಷ್ಟವನ್ನು ಬೆಕ್ಕು ಜೀರ್ಣಿಸಿಕೊಳ್ಳುತ್ತೆ. ಆರೋಗ್ಯವಾಗಿರೋ ಎಷ್ಟೋ ಬೆಕ್ಕು ಒಣ ಕಾಳು ತಿಂದು ಹಾಯಾಗಿ ಬದುಕ್ತಿವೆ. ಕಾರ್ಬ್ ವಿಷ ಅಂತ ನಾನು ಹೇಳ್ತಿಲ್ಲ. ಶುಗರ್ ಇರೋ ಬೆಕ್ಕಿನ ಮಾತು ಬೇರೆ. ಅದರ ಒಂದೊಂದು ತುತ್ತೂ ಸೂಜಿಯ ಅಳತೆಗೆ ಕೂತಿರುತ್ತೆ.

4/10

ಬರ್ರಿ, ಲೆಕ್ಕಕ್ಕೆ. ಅಕೌಂಟ್ಸ್ ಕ್ಲಾಸಲ್ಲಿ ನಿದ್ದೆ ಮಾಡಿದವರಿಗೂ ಬರುತ್ತೆ.

ಬ್ಯಾಲೆನ್ಸಿಂಗ್ ಫಿಗರ್ ನೆನಪಿದೆಯಾ? ಒಟ್ಟು ಗೊತ್ತು, ಒಂದು ಬಿಟ್ಟು ಉಳಿದ ಎಲ್ಲಾ ಬಾಬ್ತು ಗೊತ್ತು. ಕಳೆದರೆ ಉಳಿಯೋದೇ ಅದು. ಕಾರ್ಬ್ ಸಿಗೋದೂ ಹಾಗೇ. ಯಾವುದೇ ಆಹಾರವನ್ನು ನೂರು ಗ್ರಾಂ ತಗೊಂಡ್ರೆ ಅದರಲ್ಲಿರೋದು ಆರು ಬಾಬ್ತು: ಪ್ರೊಟೀನ್, ಕೊಬ್ಬು, ನಾರು, ನೀರು, ಬೂದಿ, ಕಾರ್ಬ್.

ಬೂದಿ ಅಂದ್ರೆ ಒಲೆಯ ಬೂದಿ ಬೆರೆಸ್ತಾರೆ ಅಂತಲ್ಲ. ಆಹಾರವನ್ನು ಪೂರ್ತಿ ಸುಟ್ಟರೆ ಉಳಿಯೋ ಖನಿಜ, ಅಂದ್ರೆ ಕ್ಯಾಲ್ಸಿಯಂ, ರಂಜಕ ಇಂಥವು. ಪ್ಯಾಕೆಟ್ ಮೇಲೆ "ಆಶ್" ಅಂತ ಇದ್ರೆ ಅದನ್ನೇ ಹಿಡೀರಿ. ಇಲ್ಲದಿದ್ರೆ ಒಣ ಆಹಾರಕ್ಕೆ 8, ಪೌಚಲ್ಲಿ ಬರೋ ಒದ್ದೆ ಆಹಾರಕ್ಕೆ 2 ಅಂತ ಅಂದಾಜು ಇಟ್ಕೊಳ್ರಿ.

ಲೆಕ್ಕಕ್ಕೆ ನಾನೇ ಇಟ್ಟ ಒಂದು ಒಣ ಪ್ಯಾಕೆಟ್:

ಒಟ್ಟು 100
ಕಳೆ ಪ್ರೊಟೀನ್ 32
ಕಳೆ ಕೊಬ್ಬು 10
ಕಳೆ ನಾರು 4
ಕಳೆ ನೀರು 10
ಕಳೆ ಬೂದಿ 8
ಉಳಿದದ್ದು 36

ಆ 36 ಕಾರ್ಬ್. ಮೂವತ್ತೆರಡು ಪ್ರೊಟೀನ್ ಅಂತ ಹೆಮ್ಮೆಯಿಂದ ಬರೆದ ಪ್ಯಾಕೆಟ್ಟಿನಲ್ಲಿ ಪ್ರೊಟೀನಿಗಿಂತ ಕಾರ್ಬೇ ಹೆಚ್ಚು! ಇಡೀ ಚೀಲದ ಅತಿ ದೊಡ್ಡ ಬಾಬ್ತು ಯಾವುದೋ ಅದರ ಹೆಸರೇ ಲೇಬಲ್ಲಿನಲ್ಲಿ ಇಲ್ಲ.

ಯಾವುದಾದ್ರೂ ಕಂಪನಿ ತನ್ನ ಬ್ಯಾಲೆನ್ಸ್ ಶೀಟಲ್ಲಿ ಅತಿ ದೊಡ್ಡ ಸಾಲವನ್ನೇ ಬಿಟ್ಟು, "ಉಳಿದವನ್ನ ಕಳೆದು ನೀವೇ ತಿಳ್ಕೊಳ್ರಿ" ಅಂದ್ರೆ ಆಡಿಟರ್ ಸಹಿ ಹಾಕ್ತಾರಾ? ನಾವು ಪರೀಕ್ಷೆಯಲ್ಲಿ ಹಾಗೆ ಬರೆದ್ರೆ ಮಾರ್ಕ್ಸ್ ಬರುತ್ತಾ? ಇಲ್ಲಿ ಮಾತ್ರ ಎಲ್ಲರೂ ಸುಮ್ಮನಿದ್ದೀವಿ.

5/10

ಈಗ ಎರಡನೇ ಮೋಸ. ಮೋಸ ಅನ್ನೋ ಪದ ಭಾರ ಅನ್ನಿಸಿದ್ರೆ ಗೊಂದಲ ಅನ್ರಿ. ಇದರ ಹೆಸರು ನೀರು.

ಎರಡು ಪೌಚ್ ಪಕ್ಕಪಕ್ಕ ಇಡೋಣ. ಇವೂ ಲೆಕ್ಕಕ್ಕೆ ಇಟ್ಟ ಅಂಕಿಗಳೇ.

ಪೌಚ್ ಒಂದು: ಪ್ರೊಟೀನ್ 8, ಕೊಬ್ಬು 3, ನಾರು 1, ನೀರು 84, ಬೂದಿ 2. ಕೂಡಿದ್ರೆ 98. ಕಾರ್ಬ್ 2.

ಪೌಚ್ ಎರಡು: ಪ್ರೊಟೀನ್ 7, ಕೊಬ್ಬು 3, ನಾರು 1, ನೀರು 82, ಬೂದಿ 2. ಕೂಡಿದ್ರೆ 95. ಕಾರ್ಬ್ 5.

ಒಣ ಪ್ಯಾಕೆಟ್ಟಿನ 36ರ ಮುಂದೆ 2 ಏನು, 5 ಏನು, ಎರಡೂ ಕಡಿಮೆನೇ ಅಂತ ಅನ್ನಿಸುತ್ತೆ. ತಡೀರಿ. ನೂರು ಗ್ರಾಮಿನಲ್ಲಿ ಎಂಬತ್ತಕ್ಕೂ ಹೆಚ್ಚು ಬರೀ ನೀರು. ನೀರು ಬೆಕ್ಕಿನ ಹೊಟ್ಟೆ ತುಂಬಿಸಿದ್ರೂ ಶಕ್ತಿ ಕೊಡಲ್ಲ. ಅದನ್ನ ಪಕ್ಕಕ್ಕಿಟ್ಟು ಒಣ ಪದಾರ್ಥದಲ್ಲಿ ಕಾರ್ಬ್ ಎಷ್ಟು ಅಂತ ನೋಡಬೇಕು. ಸೂತ್ರ ಸುಲಭ: ಕಾರ್ಬನ್ನು, ನೂರರಲ್ಲಿ ನೀರು ಕಳೆದು ಉಳಿದದ್ದರಿಂದ ಭಾಗಿಸಿ, ನೂರರಿಂದ ಗುಣಿಸ್ರಿ.

ಒಣ ಪ್ಯಾಕೆಟ್: 36 ಭಾಗಿಸು 90. ನೂರಕ್ಕೆ 40.
ಪೌಚ್ ಒಂದು: 2 ಭಾಗಿಸು 16. ನೂರಕ್ಕೆ 12.5.
ಪೌಚ್ ಎರಡು: 5 ಭಾಗಿಸು 18. ನೂರಕ್ಕೆ ಸುಮಾರು 28.

ನೋಡಿದ್ರಾ? ಅಂಗಡಿಯಲ್ಲಿ ಅಕ್ಕಪಕ್ಕ ನೇತಾಡೋ ಎರಡು ಪೌಚ್, ಸೈಜ್ ಒಂದೇ, ಮೀನಿನ ಚಿತ್ರನೂ ಒಂದೇ. ಒಂದರಲ್ಲಿ ಇನ್ನೊಂದರ ಎರಡು ಪಟ್ಟಿಗಿಂತ ಹೆಚ್ಚು ಕಾರ್ಬ್. ಗ್ರೇವಿ ಗಟ್ಟಿಯಾಗಲಿ ಅಂತ ಪಿಷ್ಟ ಸೇರಿಸಿದ್ರೆ ಹೀಗಾಗುತ್ತೆ.

ರೇಷಿಯೋ ಅನಾಲಿಸಿಸ್‌ನಲ್ಲಿ ನಾವು ಕಲಿಯೋದು ಇದನ್ನೇ ತಾನೇ? ಛೇದ ಬೇರೆ ಬೇರೆ ಇದ್ದಾಗ ಎರಡು ಅಂಕಿ ಹೋಲಿಸಬಾರದು. "ಪೌಚ್ ಅಂದ್ರೆ ಕಾರ್ಬ್ ಕಡಿಮೆ" ಅಂತ ಕಣ್ಣು ಮುಚ್ಚಿ ನಂಬೋರು ಛೇದ ನೋಡದೆ ಉತ್ತರ ಬರೆದ ಹಾಗೆ.

6/10

ಮೂರನೇ ಹೆಜ್ಜೆ, ಇದೇ ಕೊನೇದು. ಗ್ರಾಂ ಬಿಟ್ಟು ಕ್ಯಾಲೊರಿಗೆ ಬರೋಣ. ಡಾಕ್ಟರುಗಳು ಮಾತಾಡೋದು ಈ ಅಂಕಿಯಲ್ಲೇ.

ಸಾಕುಪ್ರಾಣಿ ಆಹಾರದ ಲೆಕ್ಕದಲ್ಲಿ ಒಂದು ಗ್ರಾಂ ಪ್ರೊಟೀನಿಗೆ 3.5, ಕೊಬ್ಬಿಗೆ 8.5, ಕಾರ್ಬ್‌ಗೆ 3.5 ಕ್ಯಾಲೊರಿ ಹಿಡಿತಾರೆ. ಗುಣಿಸಿ, ಕೂಡಿಸಿ, ಕಾರ್ಬ್‌ನ ಪಾಲು ನೂರಕ್ಕೆ ಎಷ್ಟು ಅಂತ ತೆಗೀರಿ.

ಒಣ ಪ್ಯಾಕೆಟ್: 112 ಕೂಡಿಸು 85 ಕೂಡಿಸು 126, ಒಟ್ಟು 323. ಕಾರ್ಬ್‌ನ ಪಾಲು 39.
ಪೌಚ್ ಒಂದು: 28 ಕೂಡಿಸು 25.5 ಕೂಡಿಸು 7, ಒಟ್ಟು 60.5. ಕಾರ್ಬ್‌ನ ಪಾಲು 11.6.
ಪೌಚ್ ಎರಡು: 24.5 ಕೂಡಿಸು 25.5 ಕೂಡಿಸು 17.5, ಒಟ್ಟು 67.5. ಕಾರ್ಬ್‌ನ ಪಾಲು 26.

ಗುರಿ ಎಷ್ಟು? ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘದ 2018ರ ಮಾರ್ಗಸೂಚಿ ಶುಗರ್ ಇರೋ ಬೆಕ್ಕಿಗೆ ಸೂಚಿಸೋದು ಸುಮಾರು 12 ಅಥವಾ ಅದಕ್ಕಿಂತ ಕಡಿಮೆ. ಒಂದನೇ ಪೌಚ್ ಒಳಗೆ ಬಂತು. ಎರಡನೇದು ಎರಡು ಪಟ್ಟು ದಾಟಿತು. ಒಣ ಪ್ಯಾಕೆಟ್ ಮೂರು ಪಟ್ಟು ದಾಟಿತು.

ಈ ಮೂರು ಅಂಕಿ ಪ್ಯಾಕೆಟ್ ಮೇಲೇ ಇದ್ದಿದ್ರೆ ಅಂಗಡಿಯಲ್ಲಿ ನಿಂತು ಮೂರು ಸೆಕೆಂಡಲ್ಲಿ ಆರಿಸಬಹುದಿತ್ತು. ಈಗ ಮೊಬೈಲ್ ತೆಗೆದು, ಕ್ಯಾಲ್ಕ್ಯುಲೇಟರ್ ಒತ್ತಿ, ಬೂದಿ ಅಂದಾಜು ಮಾಡಿ, ಹಿಂದೆ ನಿಂತವರ ಬೈಗುಳ ತಿಂದು ಆರಿಸ್ಬೇಕು. ನಾನು ಇಪ್ಪತ್ತರ ಹುಡುಗ, ಮಾಡ್ತೀನಿ. ನಮ್ಮ ಅಜ್ಜಿ ಮಾಡ್ತಾರಾ? ಜೋಯಿಡಾದ ಹಳ್ಳಿಯಿಂದ ಬಸ್ ಹಿಡಿದು ದಾಂಡೇಲಿಗೆ ಬಂದು, ವಾಪಸ್ ಬಸ್ಸಿನ ಟೈಮ್ ನೋಡ್ತಾ ನಿಂತಿರೋ ಕಾಕು ಮಾಡ್ತಾರಾ? ಲೆಕ್ಕ ಬಾರದವರ ಬೆಕ್ಕಿಗೆ ಬದುಕೋ ಹಕ್ಕು ಕಡಿಮೆ ಅಂತ ಯಾರಾದ್ರೂ ಹೇಳ್ತೀರಾ?

7/10

ಅಂಕಿ ಇಲ್ಲದ ಜಾಗದಲ್ಲಿ ಪದ ಬಂದು ಕೂರುತ್ತೆ. ಪ್ಯಾಕೆಟ್ ಮೇಲಿನ ಕೆಲವು ಪದ ನೋಡೋಣ.

"ಗ್ರೇನ್ ಫ್ರೀ." ರೀಲ್ಸಲ್ಲಿ ಎಲ್ಲರೂ ಇದನ್ನೇ ಹೇಳ್ತಾರೆ: ಶುಗರ್ ಬೆಕ್ಕಿಗೆ ಗ್ರೇನ್ ಫ್ರೀ ಕೊಡ್ರಿ, ಕಣ್ಣು ಮುಚ್ಚಿ ಕೊಡ್ರಿ. ಜೋಯಿಡಾದ ಗೆಡ್ಡೆ-ಗೆಣಸು ಮೇಳಕ್ಕೆ ಹೋದವರು ಉತ್ತರ ಹೇಳ್ರಿ. ಅಲ್ಲಿ ರಾಶಿ ಹಾಕಿದ ಗೆಡ್ಡೆಗಳಲ್ಲಿ ಧಾನ್ಯ ಒಂದು ಕಾಳೂ ಇಲ್ಲ. ಪಿಷ್ಟ ಇಲ್ಲವಾ? ಗೆಡ್ಡೆ ತುಂಬ ಪಿಷ್ಟನೇ! ಗೋವಿನಜೋಳ ತೆಗೆದು ಬಟಾಟಿ, ಬಟಾಣಿ, ಮರಗೆಣಸು ಹಾಕಿದ್ರೂ ಪ್ಯಾಕೆಟ್ ಗ್ರೇನ್ ಫ್ರೀನೇ. ಹಾಗಂತ ಕಾರ್ಬ್ ಇಳೀಲೇಬೇಕು ಅಂತೇನಿಲ್ಲ. ಅದಕ್ಕೂ ಕಳೆಯೋ ಲೆಕ್ಕ ಮಾಡಲೇಬೇಕು.

"ಲೈಟ್." ಕೊಬ್ಬು ಇಳಿಸಿದ್ರೆ ಆ ಜಾಗಕ್ಕೆ ಏನೋ ಒಂದು ಬರಲೇಬೇಕು, ಒಟ್ಟು ನೂರು ಆಗಬೇಕಲ್ಲ. ನಾರು ಬಂದಿದ್ಯಾ, ಕಾರ್ಬ್ ಬಂದಿದ್ಯಾ? ಕಳೆದು ನೋಡ್ರಿ.

"ಡಯಾಬಿಟಿಕ್" ಅಂತಲೇ ಬರೆದ ಪ್ಯಾಕೆಟ್ ಆನ್‌ಲೈನಲ್ಲಿ ಸಿಗುತ್ತೆ. ಬೆಲೆ ನೋಡಿ ಕೂತ್ಕೊಂಡುಬಿಟ್ಟೆ. ಡಾಕ್ಟರು ಹೇಳಿದ್ರೆ ತಗೊಳ್ರಿ, ಆದ್ರೆ ಅದಕ್ಕೂ ಇದೇ ಲೆಕ್ಕ ಹಾಕಿ ಬೆಲೆ ಯಾಕೆ ಹೆಚ್ಚು ಅಂತ ತಿಳ್ಕೊಂಡು ತಗೊಳ್ರಿ.

ಇನ್ನು ನಮ್ಮ ಕಡೆಯ ವಿಶೇಷ: ಲೂಸ್. ದೊಡ್ಡ ಚೀಲ ಬಿಚ್ಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ತೂಗಿ ಕೊಡೋದು. ಅಲ್ಲಿ ನಾಲ್ಕು ಸಾಲಿನ ಲೇಬಲ್ಲೂ ಇಲ್ಲ. ಒಂದು ಅಂಗಡಿಯಲ್ಲಿ ಚೀಲ ತೋರಿಸ್ರಿ ಅಂದೆ. "ಬೆಕ್ಕು ತಿನ್ನೋದು, ನೀ ಯಾಕ ಓದ್ತಿ?" ಅಂದ್ರು.

ನಾನು ಓದ್ತೀನಿ ಅಣ್ಣಾ, ಬೆಕ್ಕಿಗೆ ಓದೋಕೆ ಬರಲ್ಲ ಅಂತಾನೇ. ಶುಗರ್ ಇರೋ ಬೆಕ್ಕಿಗೆ ಲೂಸ್ ಬೇಡ. ಚೀಲದ ಲೇಬಲ್ ಫೋಟೋ ಸಿಕ್ಕರೆ ಮಾತ್ರ ಯೋಚಿಸ್ರಿ.

8/10

"ಪ್ಯಾಕೆಟ್ ಸಹವಾಸಾನೇ ಬೇಡ, ನಮ್ಮಜ್ಜಿ ಕಾಲದಿಂದ ಅನ್ನ ಹಾಲು ತಿಂದೇ ಬೆಕ್ಕು ಬದುಕಿಲ್ವಾ?" ಅನ್ನೋ ಕಾಮೆಂಟ್ ಬಂದೇ ಬರುತ್ತೆ. ಅದಕ್ಕೂ ಲೆಕ್ಕ ಹಾಕೋಣ.

ಬೇಯಿಸಿದ ಬಿಳಿ ಅನ್ನ ನೂರು ಗ್ರಾಮಿನಲ್ಲಿ ಕಾರ್ಬ್ ಸುಮಾರು 28 ಗ್ರಾಂ. ಅನ್ನದ ಕ್ಯಾಲೊರಿಯಲ್ಲಿ ಕಾರ್ಬ್‌ನ ಪಾಲು ನೂರಕ್ಕೆ ತೊಂಬತ್ತರ ಹತ್ತಿರ. ಆಕಳ ಹಾಲು ನೂರು ಮಿಲಿಯಲ್ಲಿ ಲ್ಯಾಕ್ಟೋಸ್ 4.5ರಿಂದ 5 ಗ್ರಾಂ. ಹಾಲಿನ ಕ್ಯಾಲೊರಿಯಲ್ಲಿ ಅದು ಕಾಲು ಭಾಗಕ್ಕಿಂತ ಹೆಚ್ಚು. ಅನ್ನ ಹಾಲು ಕಲಸಿದ್ರೆ ಒಣ ಪ್ಯಾಕೆಟ್ಟಿನ 39ನ್ನೂ ಮೀರಿಸುತ್ತೆ. ಅಜ್ಜಿ ಕಾಲದ ಬೆಕ್ಕು ಅನ್ನ ತಿಂದು ಬದುಕಿದ್ದು ಒಂದು ಕಾರಣದಿಂದ: ಅದು ಭತ್ತದ ಕಣಜದ ಸುತ್ತ ಇಲಿ ಹಿಡಿದು ತಿಂತಿತ್ತು. ಅನ್ನ ಬರೀ ಬೋನಸ್. ಈಗಿನ ಗುಂಡ್ಯಾ ಹಿಡಿಯೋದು ಸೋಫಾದ ಮೂಲೆ ಮಾತ್ರ.

ಚಿಕನ್, ಮೀನು? ಕಾರ್ಬ್ ಸೊನ್ನೆ ಅಂತಲೇ ಹಿಡೀಬಹುದು. ಮೊಟ್ಟೆಯಲ್ಲಿ ನೂರು ಗ್ರಾಮಿಗೆ ಒಂದು ಗ್ರಾಂ ಆಸುಪಾಸು. ಕಾರವಾರದಿಂದ ಬರೋ ಬಂಗುಡೆ ಬೇಯಿಸಿ, ಮುಳ್ಳು ತೆಗೆದು, ಉಪ್ಪು ಖಾರ ಇಲ್ಲದೆ ಕೊಟ್ಟರೆ ಶುಗರ್ ಲೆಕ್ಕದಲ್ಲಿ ಚಿನ್ನ. ಆದ್ರೆ ದಿನಾ ಅದೊಂದೇ ಕೊಟ್ಟರೆ ಬೇರೆ ಸಾಲ ಬೆಳೆಯುತ್ತೆ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಸಾಲಲ್ಲ. ಟಾರಿನ್ ಅನ್ನೋ ಪದಾರ್ಥ ಬೆಕ್ಕಿಗೆ ಊಟದಿಂದಲೇ ಬರಬೇಕು, ಬೇಯಿಸಿದ ನೀರು ಚೆಲ್ಲಿದ್ರೆ ಅದರ ಒಂದಷ್ಟು ಭಾಗ ನೀರಿನ ಜೊತೆ ಹೋಗುತ್ತೆ.

ಅಂದ್ರೆ ದಿನದ ಪೂರ್ತಿ ಊಟವಾಗಿ ಸಮತೋಲನ ಮಾಡಿದ ಆಹಾರ ಬೇಕೇ ಬೇಕು. ನಮ್ಮಂಥ ಊರಲ್ಲಿ ಅದು ಬರೋದು ಪ್ಯಾಕೆಟ್ಟಿನಲ್ಲೇ. ಅದಕ್ಕೇ ಪ್ಯಾಕೆಟ್ ಬಿಟ್ಟು ಓಡೋದಕ್ಕಿಂತ ಪ್ಯಾಕೆಟ್ ಬಾಯಿ ಬಿಡಿಸೋದು ಮುಖ್ಯ.

9/10

ಈ ಪೋಸ್ಟ್ ಸ್ಕಿಪ್ ಮಾಡಬೇಡ್ರಿ. ಇದು ಜೀವದ ವಿಷಯ.

ಇಲ್ಲಿ ತನಕ ಓದಿ, "ಇವತ್ತೇ ಕಾಳು ನಿಲ್ಲಿಸಿ ಕಡಿಮೆ ಕಾರ್ಬ್ ಪೌಚ್ ಶುರು ಮಾಡ್ತೀನಿ" ಅಂತ ಎದ್ದವರು ಕೂತ್ಕೊಳ್ರಿ. ನಿಮ್ಮ ಬೆಕ್ಕು ಇನ್ಸುಲಿನ್ ಮೇಲೆ ಇದ್ರೆ, ಈಗಿನ ಡೋಸ್ ಈಗಿನ ಊಟಕ್ಕೆ ಕೂಡಿಸಿದ್ದು. ಕಾರ್ಬ್ ಒಮ್ಮೆಲೇ 39ರಿಂದ 12ಕ್ಕೆ ಇಳಿಸಿ ಡೋಸ್ ಹಾಗೇ ಬಿಟ್ಟರೆ ಶುಗರ್ ತೀರಾ ಕೆಳಗೆ ಬೀಳಬಹುದು. ನಿಶ್ಶಕ್ತಿ, ತೂರಾಡೋದು, ನಡುಕ, ಫಿಟ್ಸ್, ಕೊನೆಗೆ ಸಾವು. ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಕೇಳಿ, ಶುಗರ್ ನೋಡ್ತಾ, ನಿಧಾನವಾಗಿ ಬದಲಾಯಿಸ್ರಿ. ಬೆಕ್ಕು ಹಾಗೆ ತೂರಾಡಿದ್ರೆ ಜೇನುತುಪ್ಪ ಅಥವಾ ಗ್ಲೂಕೋಸ್ ನೀರನ್ನ ವಸಡಿಗೆ ಸವರಿ ತಕ್ಷಣ ಡಾಕ್ಟರ ಹತ್ತಿರ ಓಡ್ರಿ. ಹೊಸ ಊಟ ಒಲ್ಲೆ ಅಂದ್ರೆ ಉಪವಾಸ ಕೆಡವಬೇಡ್ರಿ, ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಯಕೃತ್ತು ಕೆಡುತ್ತೆ.

ಈಗ ನನ್ನ ಪ್ರಶ್ನೆ ಕಂಪನಿಗಳಿಗೆ. ಅಂಕಿ ಬದಲಾದ್ರೆ ಡೋಸ್ ಬದಲಾಗುತ್ತೆ, ಡೋಸ್ ತಪ್ಪಿದ್ರೆ ಬೆಕ್ಕು ಸಾಯುತ್ತೆ. ಅಂಥ ಅಂಕಿಯನ್ನ ನಮ್ಮ ಅಂದಾಜಿಗೆ ಬಿಡೋದು ಸರಿಯಾ?

"ಕಳೆದು ತೆಗೆದ ಅಂಕಿ ನಿಖರ ಅಲ್ಲ, ಅದಕ್ಕೇ ಹಾಕಲ್ಲ" ಅನ್ನೋ ವಾದ ಇದೆ. ಅರ್ಧ ಒಪ್ತೀನಿ. ಕನಿಷ್ಠ, ಗರಿಷ್ಠ ಅಂತ ಬರೆದಿರೋದ್ರಿಂದ ನಮ್ಮ ಲೆಕ್ಕ ಅಲುಗಾಡುತ್ತೆ. ಒಂದನೇ ಪೌಚಲ್ಲಿ ಪ್ರೊಟೀನ್ ನಿಜವಾಗಿ 8ರ ಬದಲು 9 ಇದ್ರೆ ಕಾರ್ಬ್ 2ರಿಂದ 1ಕ್ಕೆ ಇಳೀತು, ಕ್ಯಾಲೊರಿ ಪಾಲು 11.6ರಿಂದ 5.8ಕ್ಕೆ. ಆದ್ರೆ ಈ ಅಲುಗಾಟ ಯಾಕೆ ಬಂತು? ಅವರು ಮಿತಿ ಮಾತ್ರ ಬರೆದು ಸರಾಸರಿ ಬರೆಯದ್ದಕ್ಕೆ. ಮತ್ತೆ ಮನುಷ್ಯರ ಆಹಾರದಲ್ಲೂ ಕಾರ್ಬನ್ನು ಎಷ್ಟೋ ಸಲ ಹೀಗೆ ಕಳೆದೇ ತೆಗೀತಾರೆ. ಬಿಸ್ಕಿಟ್ ಪುಡಾದ ಮೇಲೆ ಹಾಕೋಕೆ ಆಗೋ ಅಂಕಿ ಇಲ್ಲಿ ಯಾಕೆ ಆಗಲ್ಲ?

10/10

ಕಾರಣ ಕಾನೂನಿನಲ್ಲೂ ಇದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ "ಆಹಾರ" ಅನ್ನೋ ಪದದ ವ್ಯಾಖ್ಯೆಯಿಂದಲೇ ಪಶು ಆಹಾರ ಹೊರಗೆ. ಬಿಸ್ಕಿಟ್ ಪುಡಾಗೆ ಇರೋ ಲೇಬಲ್ ನಿಯಮ ಬೆಕ್ಕಿನ ಪ್ಯಾಕೆಟ್ಟಿಗೆ ಅನ್ವಯಿಸಲ್ಲ. ಕಡ್ಡಾಯ ಇಲ್ಲ, ಅದಕ್ಕೇ ಬರೆಯಲ್ಲ. ಸರಳ.

ಬದಲಾಗಲ್ಲ ಅಂತ ಕೈ ಚೆಲ್ಲಬೇಡ್ರಿ. 1987ರಲ್ಲಿ ಪಾಲ್ ಪಿಯಾನ್ ಅನ್ನೋ ಪಶುವೈದ್ಯರು ಮತ್ತು ಜೊತೆಗಾರರು, ಬೆಕ್ಕುಗಳ ಒಂದು ಹೃದಯದ ಕಾಯಿಲೆಗೆ ಟಾರಿನ್ ಕೊರತೆ ಕಾರಣ, ಅದನ್ನ ಕೊಟ್ಟರೆ ಹೃದಯ ಸುಧಾರಿಸುತ್ತೆ ಅಂತ ತೋರಿಸಿದ್ರು. ಆ ಬೆಕ್ಕುಗಳು ತಿಂತಿದ್ದದ್ದು ಕಂಪನಿ ಆಹಾರವನ್ನೇ. ಆಮೇಲೆ ಕಂಪನಿಗಳು ಟಾರಿನ್ ಹೆಚ್ಚಿಸಿದ್ವು, ಆ ಕಾಯಿಲೆ ಅಪರೂಪ ಆಯ್ತು. ಅಮೆರಿಕದಲ್ಲಿ ಪ್ರಾಣಿ ಆಹಾರದ ಮಾದರಿ ನಿಯಮ ಮಾಡೋ ಆಫ್ಕೋ ಸಂಸ್ಥೆ 2023ರಲ್ಲಿ ಹೊಸ ಲೇಬಲ್ ಒಪ್ಪಿಕೊಂಡಿತು. ಅದರಲ್ಲಿ ಕಾರ್ಬೊಹೈಡ್ರೇಟ್ ಸಾಲು ಇದೆ. ಅಲ್ಲಿ ಮಾರೋ ಕೆಲವು ಕಂಪನಿಗಳು ಇಲ್ಲೂ ಮಾರ್ತಾವೆ. ಅಲ್ಲಿನ ಬೆಕ್ಕಿಗೆ ಹೇಳೋಕೆ ಆಗೋದು ಇಲ್ಲಿನ ಬೆಕ್ಕಿಗೆ ಆಗಲ್ವಾ?

ನಾವೇನು ಮಾಡಬಹುದು? ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಗ್ರಾಹಕ ದೂರಿನ ಫೋನ್, ಇಮೇಲ್ ಇರಬೇಕು ಅಂತ 2011ರ ಲೀಗಲ್ ಮೆಟ್ರಾಲಜಿ ನಿಯಮ ಹೇಳುತ್ತೆ. ನಿಮ್ಮ ಪ್ಯಾಕೆಟ್ಟಿನಲ್ಲೂ ಹುಡುಕ್ರಿ. ಅದಕ್ಕೆ ಇದನ್ನ ಕಳಿಸ್ರಿ, ಕಾಪಿ ಮಾಡ್ಕೊಳ್ರಿ:

"ನಾನು ನಿಮ್ಮ ಬೆಕ್ಕಿನ ಆಹಾರ ಕೊಳ್ಳುವ ಗ್ರಾಹಕ. ಈ ಉತ್ಪನ್ನದ ಪ್ರೊಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಇವುಗಳ ಕನಿಷ್ಠ-ಗರಿಷ್ಠ ಮಿತಿ ಬೇಡ, ಸರಾಸರಿ ಅಂಕಿ ಕೊಡಿ. ಕಾರ್ಬೊಹೈಡ್ರೇಟ್ ಎಷ್ಟು, ಒಟ್ಟು ಕ್ಯಾಲೊರಿಯಲ್ಲಿ ಅದರ ಪಾಲು ಎಷ್ಟು ತಿಳಿಸಿ. ಮುಂದಿನ ಮುದ್ರಣದಲ್ಲಿ ಇದನ್ನು ಪ್ಯಾಕೆಟ್ ಮೇಲೆ ಹಾಕಿ."

ಉತ್ತರ ಬಾರದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಸರಕಿನ ಗುಣಮಟ್ಟದ ಮಾಹಿತಿ ಪಡೆಯೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿರೋ ನಮ್ಮ ಹಕ್ಕು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀವಲ್ಲ, ಒಮ್ಮೆ ಬಳಸೋಣ.

ನಿಮ್ಮ ಮನೆ ಪ್ಯಾಕೆಟ್ಟಿನ ಹಿಂಬದಿ ಫೋಟೋ ಡಿಎಂ ಮಾಡ್ರಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಎಲ್ಲಿಂದಲೇ ಆಗಲಿ. ಲೆಕ್ಕ ಹಾಕಿ ಕಳಿಸ್ತೀನಿ, ಫೀಸ್ ಇಲ್ಲ. ಆದ್ರೆ ಇಮೇಲ್ ಮಾತ್ರ ನೀವೇ ಕಳಿಸ್ಬೇಕು. ಒಬ್ಬ ಕಳಿಸಿದ್ರೆ ಡಿಲೀಟ್ ಮಾಡ್ತಾರೆ, ಇಡೀ ಕ್ಲಾಸ್ ಕಳಿಸಿದ್ರೆ ಓದ್ತಾರೆ.

#ಕಾರ್ಬ್_ಎಷ್ಟು #ಬೆಕ್ಕಿಗೂ_ಶುಗರ್ #ಲೇಬಲ್_ಓದ್ರಿ #ದಾಂಡೇಲಿ